ಬೇಕಾದಷ್ಟೇ ಪದರ

ಅಂಗಡಿಯ ಫ್ರೀಜರಿನಿಂದ ಬಟಾಣಿಯ ಚೀಲ ಎತ್ತಿಕೊಂಡಾಗ ಮೊದಲು ಅದನ್ನೊಮ್ಮೆ ಅಲುಗಿಸಿ ನೋಡಬೇಕು. ಕಾಳುಗಳು ಬಿಡಿಬಿಡಿಯಾಗಿ ಉರುಳಾಡಿದರೆ ಸರಿ. ಕೈಗೆ ಗಟ್ಟಿ ಮುದ್ದೆಗಳು ಸಿಕ್ಕಿದರೆ ಆ ಚೀಲ ದಾರಿಯಲ್ಲೆಲ್ಲೋ ಕರಗಿ, ಮತ್ತೆ ಹೆಪ್ಪುಗಟ್ಟಿದೆ. ಒಳಮೈಗೆ ಬಿಳಿ ಹಿಮದ ಪುಡಿ ಅಂಟಿಕೊಂಡಿದ್ದರೆ ಅದು ಬಟಾಣಿಯ ಮೈಯಿಂದಲೇ ಹೊರಟ ನೀರು. ಫ್ರೀಜರಿನ ಬಾಗಿಲು ತೆಗೆದು ಮುಚ್ಚುವಾಗ, ಕರೆಂಟು ಹೋಗಿ ಬರುವಾಗ ಚೀಲದೊಳಗಿನ ಉಷ್ಣಾಂಶ ಒಂದೆರಡು ಡಿಗ್ರಿ ಏರಿಳಿಯುತ್ತದೆ. ಏರಿದಾಗ ಕಾಳಿನ ಮೇಲ್ಮೈಯ ಮಂಜುಗಡ್ಡೆ ನೀರಾಗದೆ ನೇರವಾಗಿ ಆವಿಯಾಗುತ್ತದೆ. ಇಳಿದಾಗ, ಎಲ್ಲಕ್ಕಿಂತ ಮೊದಲು ತಣ್ಣಗಾಗುವ ಪ್ಲಾಸ್ಟಿಕ್ಕಿನ ಮೇಲೆ ಆ ಆವಿ ಹಿಮವಾಗಿ ಕೂರುತ್ತದೆ. ಇದು ವಾರಗಟ್ಟಲೆ ನಡೆದರೆ ಕಾಳು ಸುಕ್ಕುಗಟ್ಟಿ, ಬಣ್ಣ ಮಂಕಾಗಿ, ಎಷ್ಟು ಬೇಯಿಸಿದರೂ ಸಿಪ್ಪೆ ಒರಟಾಗಿಯೇ ಉಳಿಯುತ್ತದೆ.

ಆ ಚೀಲ ಸಾಮಾನ್ಯವಾಗಿ ಪಾಲಿಥೀನಿನದು. ದಪ್ಪ ಕೆಲವು ಹತ್ತು ಮೈಕ್ರಾನ್ ಮಾತ್ರ. ಆಮ್ಲಜನಕವನ್ನು ತಡೆಯುವುದರಲ್ಲಿ ಪಾಲಿಥೀನ್ ತೀರಾ ದುರ್ಬಲ, ನೀರಾವಿಯನ್ನು ತಡೆಯುವುದರಲ್ಲಿ ಗಟ್ಟಿ. ಬಟಾಣಿಗೆ ಬೇಕಾದದ್ದು ಈ ಎರಡನೆಯ ಗುಣವೇ. ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಮ್ಲಜನಕ ಒಳಬಂದರೂ ಅದರ ಆಟ ಬಹಳ ನಿಧಾನ, ಸೂಕ್ಷ್ಮಜೀವಿಗಳು ಬೆಳೆಯುವುದಿಲ್ಲ. ಇಲ್ಲಿ ಕಾಪಾಡುವ ಕೆಲಸದ ಬಹುಪಾಲನ್ನು ಚಳಿಯೇ ಹೊತ್ತಿದೆ. ಚೀಲ ಮಾಡಬೇಕಾದದ್ದು ನೀರನ್ನು ಒಳಗೇ ಹಿಡಿದಿಡುವುದು, ಬೆಳಕಿಗೆ ಅಡ್ಡ ನಿಲ್ಲುವುದು, ಹರಿಯದೆ ಉಳಿಯುವುದು, ಇಷ್ಟೇ.

ಹಣ್ಣು ತರಕಾರಿಯ ಯಾವ ಪೊಟ್ಟಣ ಕೈಗೆ ಬಂದರೂ ಕೇಳಬೇಕಾದ ಪ್ರಶ್ನೆ ಇದು ಎಂದು ನನಗೆ ತೋರುತ್ತದೆ: ಒಳಗಿನ ತಿನಿಸನ್ನು ಕಾಪಾಡುತ್ತಿರುವವರು ಯಾರು? ಚಳಿಯೇ, ಹುಳಿಯೇ, ಬೆಂಕಿಯೇ, ಇಲ್ಲ ಬರೀ ಪೊಟ್ಟಣವೇ? ಈ ನಾಲ್ವರಲ್ಲಿ ಯಾರ ಪಾಲಿಗೆ ಎಷ್ಟು ಕೆಲಸ ಎಂಬುದು ತಿಳಿದರೆ ಪೊಟ್ಟಣಕ್ಕೆ ಎಷ್ಟು ಪದರ ಬೇಕೆಂಬುದೂ ತಿಳಿಯುತ್ತದೆ. ಪ್ಲಾಸ್ಟಿಕ್ ಕೆಟ್ಟದ್ದು, ಕಾಗದ ಒಳ್ಳೆಯದು ಎಂಬ ನಮ್ಮ ಈಗಿನ ವಾದದಲ್ಲಿ ಈ ಲೆಕ್ಕವೇ ಬಿಟ್ಟುಹೋಗಿದೆ.

ತರಕಾರಿಯನ್ನು ಹೆಪ್ಪುಗಟ್ಟಿಸುವುದು ಸುಲಭ. ಹಾಳಾಗದ ಹಾಗೆ ಹೆಪ್ಪುಗಟ್ಟಿಸುವುದು ಕಷ್ಟ. ನೀರು ಗಡ್ಡೆಯಾಗುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ನಿಧಾನವಾಗಿ ತಣಿಸಿದರೆ ಕೆಲವೇ ಕೆಲವು ಹರಳುಗಳು ಹುಟ್ಟಿ, ದೊಡ್ಡದಾಗಿ ಬೆಳೆದು, ಜೀವಕೋಶದ ಗೋಡೆಗಳನ್ನು ಸೀಳುತ್ತವೆ. ಮನೆಯ ಫ್ರೀಜರಿನಲ್ಲಿಟ್ಟ ಟೊಮೆಟೊ ಹೊರತೆಗೆದಾಗ ನೀರು ಬಿಟ್ಟುಕೊಂಡು ಮೆತ್ತಗಾಗುವುದು ಇದರಿಂದಲೇ. ಮೈನಸ್ 1ರಿಂದ ಮೈನಸ್ 5 ಡಿಗ್ರಿವರೆಗಿನ ಹಾದಿಯನ್ನು ಬೇಗನೆ ದಾಟಿಸಿಬಿಟ್ಟರೆ ಲೆಕ್ಕವಿಲ್ಲದಷ್ಟು ಸಣ್ಣ ಹರಳುಗಳು ಹುಟ್ಟುತ್ತವೆ, ಗೋಡೆಗಳು ಉಳಿಯುತ್ತವೆ. ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್ ಐ 1912ರ ನಂತರದ ವರ್ಷಗಳಲ್ಲಿ ಇಂದಿನ ಕೆನಡಾದ ಲ್ಯಾಬ್ರಡಾರಿನಲ್ಲಿದ್ದಾಗ, ಅಲ್ಲಿನ ಕೊರೆಯುವ ಗಾಳಿಯಲ್ಲಿ ಹಿಡಿದ ಕೂಡಲೇ ಹೆಪ್ಪುಗಟ್ಟಿದ ಮೀನು ತಿಂಗಳುಗಳ ಮೇಲೂ ತಾಜಾ ರುಚಿ ಕೊಡುವುದನ್ನು ಕಂಡರು. ಅದನ್ನೇ ಯಂತ್ರಕ್ಕಿಳಿಸಿದರು. 1930ರ ಮಾರ್ಚ್ ತಿಂಗಳಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ಕೆಲವು ಅಂಗಡಿಗಳಲ್ಲಿ ಹೆಪ್ಪುಗಟ್ಟಿಸಿದ ಬಟಾಣಿ, ಪಾಲಕ್, ಹಣ್ಣು, ಮಾಂಸಗಳು ಮಾರಾಟಕ್ಕೆ ಬಂದವು.

ಬರ್ಡ್ಸ್ ಐ ಅವರ ಯಂತ್ರದ ಬಗ್ಗೆ ಎಲ್ಲರೂ ಬರೆಯುತ್ತಾರೆ. ಅವರನ್ನು ಅಷ್ಟೇ ಕಾಡಿದ ಸುತ್ತುವ ಹಾಳೆಯ ಬಗ್ಗೆ ಬರೆಯುವವರು ಕಡಿಮೆ. ಆಗ ಒಳಗಿನದು ಕಣ್ಣಿಗೆ ಕಾಣುವಂಥ ಪಾರದರ್ಶಕ ಹಾಳೆಯೆಂದರೆ ಮುಖ್ಯವಾಗಿ ಸೆಲೋಫೇನ್. ಅದು ಜಿಡ್ಡನ್ನು ತಡೆಯುತ್ತಿತ್ತು, ನೀರಾವಿಯನ್ನು ಸಲೀಸಾಗಿ ಬಿಟ್ಟುಕೊಡುತ್ತಿತ್ತು. 1927ರಲ್ಲಿ ಡ್ಯೂಪಾಂಟ್ ಕಂಪನಿಯ ವಿಲಿಯಂ ಹೇಲ್ ಚಾರ್ಚ್ ಅದರ ಮೇಲೆ ಮೇಣ ಬೆರೆಸಿದ ಅತಿ ತೆಳುವಾದ ಮೆರುಗನ್ನು ಸವರಿ ತೇವ ದಾಟದ ಸೆಲೋಫೇನನ್ನು ರೂಪಿಸಿದರು. ಹೆಪ್ಪುಗಟ್ಟಿದ ತರಕಾರಿ ಒಣಗದೆ ಅಂಗಡಿ ತಲುಪಲು ಇಂಥ ಹಾಳೆ ಬೇಕಾಗಿತ್ತು. ಒಂದು ಹಾಳೆಗೆ ಇಲ್ಲದ ಗುಣವನ್ನು ಇನ್ನೊಂದು ಪದರದಿಂದ ತುಂಬುವ ಉಪಾಯ ಪೊಟ್ಟಣದ ಲೋಕದಲ್ಲಿ ಗಟ್ಟಿಯಾಗಿ ಬೇರೂರಿತು. ಅದು ಎಲ್ಲಿಗೆ ತಂದು ನಿಲ್ಲಿಸಿತೆಂಬುದನ್ನು ಮುಂದೆ ನೋಡೋಣ.

ಇಂದು ಬಟಾಣಿಯನ್ನು ಮೊದಲು ಒಂದೆರಡು ನಿಮಿಷ ಬಿಸಿನೀರಿನಲ್ಲೋ ಹಬೆಯಲ್ಲೋ ಹಾಯಿಸುತ್ತಾರೆ. ಕಿಣ್ವಗಳನ್ನು ಸುಮ್ಮನಾಗಿಸಲು ಇದು ಬೇಕು. ಇಲ್ಲದಿದ್ದರೆ ಅವು ಫ್ರೀಜರಿನಲ್ಲೂ ಮೆಲ್ಲಗೆ ಕೆಲಸ ಮುಂದುವರಿಸಿ ಕೆಲವು ತಿಂಗಳಲ್ಲಿ ಒಣಹುಲ್ಲಿನ ವಾಸನೆ ಹುಟ್ಟಿಸುತ್ತವೆ. ಆಮೇಲೆ ಕೆಳಗಿನಿಂದ ನುಗ್ಗುವ ಮೈನಸ್ 30 ಡಿಗ್ರಿ ಆಸುಪಾಸಿನ ಗಾಳಿಯಲ್ಲಿ ಕಾಳುಗಳು ತೇಲಾಡುತ್ತ, ಒಂದಕ್ಕೊಂದು ಅಂಟದೆ, ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತವೆ. ಚೀಲ ಅಲುಗಿಸಿದಾಗ ಕಾಳು ಬಿಡಿಯಾಗಿ ಉರುಳುವುದು ಈ ತೇಲಾಟದ ಫಲ. ಅಮೆರಿಕದ ಭಾರತೀಯ ದಿನಸಿ ಅಂಗಡಿಗಳಲ್ಲಿ ನಮ್ಮವರು ಹುಡುಕಿ ಕೊಳ್ಳುವ ಅವರೆಕಾಳಿಗೂ ಬೇಕಾದದ್ದು ಈ ಕ್ರಮ, ಈ ಬಗೆಯ ಚೀಲವೇ. ಬೆಂಗಳೂರಿನ ಚಳಿಗಾಲದ ಸೊಗಡನ್ನು ಅದು ಪೂರ್ತಿ ಹೊತ್ತೊಯ್ಯಲಾರದು, ಆದರೆ ಸಾರಿಗೆ ಮೋಸ ಮಾಡುವುದಿಲ್ಲ.

ಮೈನಸ್ 18 ಎಂಬ ಅಂಕಿಯ ಬಗ್ಗೆ ಒಂದು ಮಾತು. ಅದು ಫ್ಯಾರನ್‌ಹೀಟ್ ಅಳತೆಯ ಸೊನ್ನೆ. ದುಂಡಗಿನ ಅಂಕಿಯೆಂದು ರೂಢಿಗೆ ಬಂದದ್ದು ಲೋಕದ ನಿಯಮವಾಗಿ ನಿಂತಿತು. ಕ್ಯಾಲಿಫೋರ್ನಿಯಾದ ಆಲ್ಬನಿಯಲ್ಲಿರುವ ಸರ್ಕಾರಿ ಪ್ರಯೋಗಾಲಯ 1948ರಿಂದ ಸುಮಾರು ಒಂದು ದಶಕ ಬಟಾಣಿ, ಹುರುಳಿಕಾಯಿ, ಸ್ಟ್ರಾಬೆರಿಗಳನ್ನು ಬೇರೆ ಬೇರೆ ಚಳಿಯಲ್ಲಿಟ್ಟು ಎಷ್ಟು ದಿನಕ್ಕೆ ಎಷ್ಟು ಕೆಡುತ್ತವೆಂದು ಅಳೆಯಿತು. ಒಂದೊಂದು ತರಕಾರಿಗೂ ಒಂದೊಂದು ಸಹನೆಯಿದೆ ಎಂಬುದು ಅಲ್ಲಿ ತಿಳಿದದ್ದು. 2023ರಲ್ಲಿ ಅಂತರರಾಷ್ಟ್ರೀಯ ಶೈತ್ಯೀಕರಣ ಸಂಸ್ಥೆ, ಬರ್ಮಿಂಗ್‌ಹ್ಯಾಮ್ ಮತ್ತು ಲಂಡನ್ ಸೌತ್ ಬ್ಯಾಂಕ್ ವಿಶ್ವವಿದ್ಯಾಲಯಗಳ ತಜ್ಞರು ಸೇರಿ ಒಂದು ವರದಿ ಕೊಟ್ಟರು: ಲೋಕದ ಶೀತಲ ಸರಪಳಿಯನ್ನು ಮೈನಸ್ 15ಕ್ಕೆ ಏರಿಸಿದರೆ ವರ್ಷಕ್ಕೆ 1 ಕೋಟಿ 77 ಲಕ್ಷ ಟನ್ ಇಂಗಾಲದ ಡೈಆಕ್ಸೈಡ್ ಉಳಿಯುತ್ತದೆ. ಕೆಲವು ದೊಡ್ಡ ಸಾಗಣೆ ಮತ್ತು ಶೀತಲಗೃಹ ಸಂಸ್ಥೆಗಳು ಇದರ ಹಿಂದೆ ಒಟ್ಟಾಗಿ ನಿಂತಿವೆ. ಆದರೆ ಚಳಿ ಮೂರು ಡಿಗ್ರಿ ಕೈಬಿಟ್ಟರೆ ಆ ಹೊರೆ ಯಾರ ಮೇಲಾದರೂ ಬೀಳಲೇಬೇಕು. ತಿನಿಸಿನ ಬಾಳಿಕೆ ಒಂದಿಷ್ಟು ಕುಗ್ಗುವುದನ್ನು ಒಪ್ಪಿಕೊಳ್ಳಬೇಕು, ಇಲ್ಲವೆ ಚೀಲ ಇನ್ನಷ್ಟು ಬಿಗಿಯಾಗಬೇಕು. ಬಟಾಣಿಯ ವಿಷಯದಲ್ಲಿ ಬಾಳಿಕೆ ಕುಗ್ಗಿಸುವುದೇ ಜಾಣತನ ಎಂದು ನನ್ನ ಅನಿಸಿಕೆ. ಪ್ರತಿ ಚಳಿಗಾಲಕ್ಕೂ ಹೊಸ ಬೆಳೆ ಬರುವ ಕಾಳಿಗೆ ಎರಡು ವರ್ಷದ ಆಯಸ್ಸು ಏಕೆ?

ಈಗ ಚಳಿಯನ್ನು ಪೂರ್ತಿ ತೆಗೆದುಬಿಡೋಣ. ಅಡುಗೆಮನೆಯ ಕಪಾಟಿನಲ್ಲಿ, 30 ಡಿಗ್ರಿ ಸೆಕೆಯಲ್ಲಿ, ತರಕಾರಿ ವರ್ಷ ಕಾಲ ಉಳಿಯಬೇಕು. ಪ್ಯಾರಿಸ್ಸಿನ ಮಿಠಾಯಿಗಾರ ನಿಕೊಲಾ ಅಪೆರ್ ಗಾಜಿನ ಸೀಸೆಗಳಲ್ಲಿ ಬಟಾಣಿ, ಹುರುಳಿಕಾಯಿ, ಹಣ್ಣುಗಳನ್ನು ತುಂಬಿ, ಬಿರಡೆ ಜಡಿದು, ಕುದಿಯುವ ನೀರಿನಲ್ಲಿ ಬೇಯಿಸಿ ಇದನ್ನು ಸಾಧಿಸಿದರು. 1810ರಲ್ಲಿ ಫ್ರೆಂಚ್ ಸರ್ಕಾರ ಅವರಿಗೆ 12,000 ಫ್ರಾಂಕ್ ಬಹುಮಾನ ಕೊಟ್ಟಿತು. ಅದೇ ವರ್ಷ ಲಂಡನ್ನಿನಲ್ಲಿ ಪೀಟರ್ ಡ್ಯುರಾಂಡ್ ತಗಡಿನ ಡಬ್ಬಿಗೆ ಪೇಟೆಂಟ್ ಪಡೆದರು. ತಿನಿಸು ಯಾಕೆ ಕೆಡುತ್ತದೆಂಬುದು ಇವರಿಬ್ಬರಿಗೂ ತಿಳಿದಿರಲಿಲ್ಲ. ಪಾಶ್ಚರ್ ಅದನ್ನು ತೋರಿಸಲು ಇನ್ನೂ ಅರ್ಧ ಶತಮಾನ ಕಾಯಬೇಕಿತ್ತು.

ಇಲ್ಲೊಂದು ಗೆರೆಯಿದೆ. ಆಹಾರ ವಿಜ್ಞಾನ ಓದಿದವರಿಗೆಲ್ಲ ಅದು ಬಾಯಿಪಾಠ: ಪಿಎಚ್ 4.6. ಇದಕ್ಕಿಂತ ಹುಳಿಯಾದ ತಿನಿಸಿನಲ್ಲಿ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯದ ಬೀಜಕಣಗಳು ಮೊಳೆಯಲಾರವು. ಮಾವು, ಅನಾನಸ್, ಬಹುಪಾಲು ಟೊಮೆಟೊ ಈ ಕಡೆ. ಬಟಾಣಿ, ಹುರುಳಿಕಾಯಿ, ಮೆಕ್ಕೆಜೋಳ, ಅಣಬೆ, ಪಾಲಕ್ ಆ ಕಡೆ. ಆ ಕಡೆಯ ತರಕಾರಿಯನ್ನು ಗಾಳಿಯಾಡದ ಪಾತ್ರೆಯಲ್ಲಿ ಮುಚ್ಚಿಟ್ಟರೆ ಈ ಬ್ಯಾಕ್ಟೀರಿಯಕ್ಕೆ ಬೇಕಾದ ಮನೆಯನ್ನು ನಾವೇ ಕಟ್ಟಿಕೊಟ್ಟಂತೆ. ಅದು ಬಿಡುವ ವಿಷ ನರಗಳನ್ನು ಸ್ತಬ್ಧಗೊಳಿಸುತ್ತದೆ. ಲೋಕದ ಅತಿ ಘೋರ ವಿಷಗಳಲ್ಲಿ ಅದೂ ಒಂದು. ಅದರ ಬೀಜಕಣಗಳು ಕುದಿಯುವ ನೀರಿಗೆ ಗಂಟೆಗಟ್ಟಲೆ ಜಗ್ಗುವುದಿಲ್ಲ. 121 ಡಿಗ್ರಿಯಲ್ಲಿ, ತಿನಿಸಿನ ನಟ್ಟನಡುವಿಗೆ ಕನಿಷ್ಠ ಎರಡೂವರೆ ಮೂರು ನಿಮಿಷದ ಶಾಖ ಸಿಗಬೇಕು. ಲಕ್ಷ ಕೋಟಿ ಬೀಜಕಣಗಳಿದ್ದರೆ ಒಂದು ಉಳಿದೀತು ಎನ್ನುವಷ್ಟು ಕಟ್ಟುನಿಟ್ಟಾಗಿ ಈ ಲೆಕ್ಕ ಹಾಕಿದ್ದಾರೆ. ಮನೆಯಲ್ಲೇ ಬಾಟಲಿಗೆ ತುಂಬಿ ಕುದಿಸಿ ಹುರುಳಿಕಾಯಿ ಕೂಡಿಡುವ ವಿಡಿಯೊಗಳು ಈಗ ಓಡಾಡುತ್ತಿವೆ. ದಯವಿಟ್ಟು ಅದನ್ನು ಮಾಡಬೇಡಿ. ಉಪ್ಪಿನಕಾಯಿ ಹಾಕಿ, ಒಣಗಿಸಿ, ಫ್ರೀಜರಿನಲ್ಲಿಡಿ. ಮಲೆನಾಡಿನ ಅಪ್ಪೆಮಿಡಿ ವರ್ಷಗಟ್ಟಲೆ ಉಳಿಯುವಾಗ ದುಡಿಯುತ್ತಿರುವುದು ಉಪ್ಪು ಮತ್ತು ಹುಳಿ. ಭರಣಿಯ ಪಾತ್ರ ಚಿಕ್ಕದು. ಕರ್ನಾಟಕದ ಒಪ್ಪಂದ ಕೃಷಿಯಿಂದ ಯುರೋಪು, ಅಮೆರಿಕಕ್ಕೆ ಹೋಗುವ ಮಿಡಿಸೌತೆಯೂ ಉಪ್ಪುನೀರು, ವಿನಿಗರ್ ತುಂಬಿದ ಡ್ರಮ್ಮುಗಳಲ್ಲೇ ಸಮುದ್ರ ದಾಟುತ್ತದೆ.

ತಗಡಿನ ಡಬ್ಬಿಗೆ ವಯಸ್ಸು ಇನ್ನೂರು ದಾಟಿದರೂ ಅದು ಹಳತಾಗಿಲ್ಲ. ಬೆಳಕು, ಆಮ್ಲಜನಕ, ಆವಿ ಯಾವುದನ್ನೂ ಬಿಡದ, ಅಯಸ್ಕಾಂತದಿಂದ ಎತ್ತಿ ಕರಗಿಸಿ ಮತ್ತೆ ಮತ್ತೆ ಉಕ್ಕು ಮಾಡಬಹುದಾದ ಪೊಟ್ಟಣ ಬೇರೊಂದಿಲ್ಲ. ಅನಾನಸ್ ಡಬ್ಬಿಯ ಒಳಗೋಡೆಯನ್ನು ಎಷ್ಟೋ ಸಲ ಬೇಕೆಂದೇ ಬರೀ ತವರವಾಗಿ ಬಿಟ್ಟಿರುತ್ತಾರೆ. ಹಣ್ಣಿನ ಹುಳಿ ತವರವನ್ನು ಅತಿ ಸ್ವಲ್ಪವಾಗಿ ಕರಗಿಸುತ್ತದೆ, ಒಳಗೆ ಉಳಿದ ಆಮ್ಲಜನಕವನ್ನು ತವರ ನುಂಗಿಕೊಳ್ಳುತ್ತದೆ, ಹಣ್ಣಿನ ತಿಳಿಬಣ್ಣ ಉಳಿಯುತ್ತದೆ. ಡಬ್ಬಿ ಒಡೆದ ಮೇಲೆ ಹಣ್ಣನ್ನು ಬೇರೆ ಪಾತ್ರೆಗೆ ಸುರಿದಿಡಿ ಎನ್ನುವುದು ಇದಕ್ಕೇ: ಗಾಳಿ ಹೊಕ್ಕೊಡನೆ ತವರ ಕರಗುವ ವೇಗ ಏರುತ್ತದೆ. ಉಳಿದ ಹಲವು ಡಬ್ಬಿಗಳ ಒಳಮೈಗೆ ಎಪಾಕ್ಸಿ ಲೇಪವಿರುತ್ತದೆ. ಆ ಲೇಪದ ಮೂಲವಸ್ತು ಬಿಸ್‌ಫಿನಾಲ್-ಎ ಹಾರ್ಮೋನುಗಳ ಕೆಲಸದಲ್ಲಿ ಕೈಹಾಕುತ್ತದೆಂಬ ಆತಂಕ ದಶಕಗಳಿಂದಲೂ ಇತ್ತು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಅದರ ದಿನವಹಿ ಸಹನೀಯ ಮಿತಿಯನ್ನು 20,000 ಪಟ್ಟು ತಗ್ಗಿಸಿತು. 2024ರ ಡಿಸೆಂಬರಿನಲ್ಲಿ ಐರೋಪ್ಯ ಒಕ್ಕೂಟ ಆಹಾರಕ್ಕೆ ತಗಲುವ ವಸ್ತುಗಳಲ್ಲಿ ಅದನ್ನು ನಿಷೇಧಿಸಿತು. ಹೆಚ್ಚಿನ ವಸ್ತುಗಳಿಗೆ 18 ತಿಂಗಳ ಗಡುವು. ಹಣ್ಣು, ತರಕಾರಿ, ಮೀನಿನ ಡಬ್ಬಿಗಳಿಗೆ ಮಾತ್ರ 36 ತಿಂಗಳು. ಹುಳಿಯನ್ನು ವರ್ಷಗಟ್ಟಲೆ ತಾಳುವ ಬದಲಿ ಲೇಪವನ್ನು ಪರೀಕ್ಷಿಸಿ ನೋಡಲು ವರ್ಷಗಳೇ ಬೇಕಾಗುತ್ತವೆ. ಹಣ್ಣಿನ ಹುಳಿಗೆ ಕಾನೂನೂ ಕಾದು ನಿಲ್ಲಬೇಕಾಗಿ ಬಂದಿದೆ.

ಡಬ್ಬಿಯ ನಿಜವಾದ ತೊಂದರೆ ಅದರ ಆಕಾರ. ದುಂಡಗಿನ ಡಬ್ಬಿಯ ನಡುವಿಗೆ 121 ಡಿಗ್ರಿ ಮುಟ್ಟುವಷ್ಟರಲ್ಲಿ ಅಂಚಿನ ತರಕಾರಿ ಬೆಂದು ಕರಗಿರುತ್ತದೆ. ಅದೇ ತಿನಿಸು ಚಪ್ಪಟೆ ಪೌಚಿನಲ್ಲಿದ್ದರೆ ಶಾಖ ಸಾಗಬೇಕಾದ ದೂರ ಒಂದೆರಡು ಸೆಂಟಿಮೀಟರು. ಬೇಗ ಬಿಸಿಯಾಗುತ್ತದೆ, ಬೇಗ ತಣಿಯುತ್ತದೆ, ರುಚಿ ಉಳಿಯುತ್ತದೆ, ಜೇಬಿನಲ್ಲೂ ಹಿಡಿಸುತ್ತದೆ. ಅಮೆರಿಕದ ಸೇನೆಯ ನೇಟಿಕ್ ಪ್ರಯೋಗಾಲಯ ಪೌಚಿನ ಬೆನ್ನುಹತ್ತಿದ್ದು ಸೈನಿಕನ ಹೆಗಲ ಭಾರ ಇಳಿಸಲು. ಜಪಾನಿನಲ್ಲಿ 1968ರಲ್ಲಿ ಓಟ್ಸುಕಾ ಕಂಪನಿಯ ಬಾನ್ ಕರಿ ಪೌಚಿನಲ್ಲಿ ಅಂಗಡಿಗೆ ಬಂತು. ನಮ್ಮಲ್ಲಿ ಈ ಕೆಲಸದ ತವರು ಮೈಸೂರು. 1950ರಲ್ಲಿ ಚೆಲುವಾಂಬ ವಿಲಾಸ ಅರಮನೆಯಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ, 1961ರಲ್ಲಿ ಬಂದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಎರಡೂ ಒಂದೇ ಊರಲ್ಲಿ. ಗಡಿಯಲ್ಲಿರುವ ಸೈನಿಕನಿಗೆ ಬಿಸಿನೀರಲ್ಲಿ ಅದ್ದಿದರೆ ಸಾಕೆನ್ನುವಂತೆ ಪಲ್ಯ, ಪಲಾವ್, ದಾಲ್‌ಗಳನ್ನು ಪೌಚಿಗೆ ಇಳಿಸಿದ್ದು ಈ ರಕ್ಷಣಾ ಪ್ರಯೋಗಾಲಯ. ಅದರ ತಂತ್ರಜ್ಞಾನವೇ ಎಂಟಿಆರ್‌ನಂಥ ಕಂಪನಿಗಳ ಮೂಲಕ ದಿನಸಿ ಅಂಗಡಿಗೆ ಬಂತು.

ಆ ಪೌಚನ್ನು ಕತ್ತರಿಸಿ ಅಂಚನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ನಾಲ್ಕು ಪದರ ಕಾಣುತ್ತವೆ. ಹೊರಗೆ ಸುಮಾರು 12 ಮೈಕ್ರಾನಿನ ಪಾಲಿಯೆಸ್ಟರ್: ಮುದ್ರಣ ಹೊರಲು, ಶಾಖ ತಾಳಲು. ಅದರ ಕೆಳಗೆ ಸುಮಾರು 9 ಮೈಕ್ರಾನಿನ ಅಲ್ಯೂಮಿನಿಯಂ ಹಾಳೆ: ಬೆಳಕು, ಆಮ್ಲಜನಕ, ಆವಿಗೆ ಪೂರ್ಣ ತಡೆ. ಆಮೇಲೆ 15 ಮೈಕ್ರಾನ್ ನೈಲಾನ್: ಚುಚ್ಚಿದರೆ ತೂತಾಗದಿರಲು. ತಿನಿಸಿಗೆ ತಾಗುವ ಕಡೆ 70 ಮೈಕ್ರಾನ್ ಆಸುಪಾಸಿನ ಪಾಲಿಪ್ರೊಪಿಲೀನ್: ಕಾದ ದವಡೆಗಳ ನಡುವೆ ಒತ್ತಿದಾಗ ಕರಗಿ ಒಂದಕ್ಕೊಂದು ಬೆಸೆದುಕೊಳ್ಳಲು. ಆ ಬೆಸುಗೆಯ ಜಾಗದಲ್ಲಿ ಪಾಲಕಿನ ಒಂದು ನಾರು, ಒಂದು ಎಣ್ಣೆ ಹನಿ ಸಿಕ್ಕಿಕೊಂಡರೂ ಅಲ್ಲೊಂದು ಸುರಂಗ ಉಳಿಯುತ್ತದೆ. ಕಾರ್ಖಾನೆಯಲ್ಲಿ ಅತಿ ಹೆಚ್ಚು ಕಣ್ಣಿಡುವುದು ಈ ಕೆಲವು ಮಿಲಿಮೀಟರಿನ ಪಟ್ಟಿಯ ಮೇಲೆ. ಒಳಗಿನ ಹಬೆಗೆ ಪೌಚು ಸಿಡಿಯದಿರಲೆಂದು ಬೇಯಿಸುವ ಪಾತ್ರೆಗೆ ಹೊರಗಿನಿಂದಲೂ ಗಾಳಿಯ ಒತ್ತಡ ಕೊಡುತ್ತಾರೆ.

ಪದರಗಳ ನಡುವೆ ಅಂಟಿದೆ. 121 ಡಿಗ್ರಿ ಹಬೆಗೂ ಬಿಡದ ಅಂಟು. ಅದು ಬಿಡದಿರುವುದೇ ಪೌಚಿನ ಹೆಗ್ಗಳಿಕೆ, ಅದೇ ಅದರ ಶಾಪ. ಬೆಂಗಳೂರಿನ ಒಣ ತ್ಯಾಜ್ಯ ಸಂಗ್ರಹ ಕೇಂದ್ರಗಳಲ್ಲಿ ಕಸ ವಿಂಗಡಿಸುವ ಹೆಂಗಸರು ಹಾಳೆಯನ್ನು ಕೈಯಲ್ಲಿ ಹಿಸುಕಿ, ಅದರ ಮೆದುತನ ಮತ್ತು ಸದ್ದಿನಿಂದಲೇ ಇದು ಯಾವ ಪ್ಲಾಸ್ಟಿಕ್ಕೆಂದು ಹೇಳಬಲ್ಲರು. ಹಾಲಿನ ಪ್ಯಾಕೆಟ್ಟು ಬರೀ ಪಾಲಿಥೀನ್; ಅದಕ್ಕೆ ಬೆಲೆಯಿದೆ, ಅದು ಬೇರೆ ಚೀಲಕ್ಕೆ ಹೋಗುತ್ತದೆ. ಹೊಳೆಯುವ ಬಹುಪದರದ ಪೌಚಿಗೆ ಕೊಳ್ಳುವವರಿಲ್ಲ. ಕರಗಿಸಿದರೆ ಪಾಲಿಯೆಸ್ಟರ್, ನೈಲಾನ್, ಪಾಲಿಪ್ರೊಪಿಲೀನ್ ಒಂದಕ್ಕೊಂದು ಬೆರೆಯುವುದಿಲ್ಲ, ನಡುವೆ ಲೋಹ ಬೇರೆ. ಅದೃಷ್ಟವಿದ್ದರೆ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಇಂಧನವಾಗಿ ಹೋಗುತ್ತದೆ, ಇಲ್ಲದಿದ್ದರೆ ರಾಜಕಾಲುವೆಗೆ. ಅಷ್ಟು ವಿಜ್ಞಾನ ಅರೆದು ಮಾಡಿದ ವಸ್ತುವನ್ನು ಒಂದೇ ಊಟಕ್ಕೆ ಬಳಸಿ ಅದರ ಕೊನೆಯನ್ನು ಆ ಹೆಂಗಸರ ಕೈಗೆ ಬಿಡುವುದು ನ್ಯಾಯವಲ್ಲ.

ಈಗ ಲೋಕದ ಪೊಟ್ಟಣ ತಯಾರಕರೆಲ್ಲ ಹೊರಳಿರುವುದು ಇಲ್ಲಿಂದಲೇ. ಐರೋಪ್ಯ ಒಕ್ಕೂಟದ ಹೊಸ ಪೊಟ್ಟಣ ನಿಯಮ 2025ರ ಫೆಬ್ರವರಿಯಲ್ಲಿ ಜಾರಿಗೆ ಬಂತು. 2030ರ ಹೊತ್ತಿಗೆ ಮಾರುಕಟ್ಟೆಗೆ ಬರುವ ಪೊಟ್ಟಣಗಳೆಲ್ಲ ಮರುಬಳಕೆಗೆ ಒಗ್ಗುವಂತಿರಬೇಕು ಎಂಬುದು ಅದರ ಗುರಿ. ಭಾರತದಲ್ಲಿ 2022ರ ಉತ್ಪಾದಕರ ಹೊಣೆಗಾರಿಕೆಯ ನಿಯಮ ಪ್ಲಾಸ್ಟಿಕ್ ಪೊಟ್ಟಣಗಳನ್ನು ವರ್ಗಗಳಾಗಿ ವಿಂಗಡಿಸಿದೆ. ಪದರಗಳೆಲ್ಲ ಪ್ಲಾಸ್ಟಿಕ್ಕೇ ಆದ ಪೌಚು ಎರಡನೆಯ ವರ್ಗ. ನಡುವೆ ಲೋಹವೋ ಕಾಗದವೋ ಬಂದರೆ ಮೂರನೆಯದು. ಹೊಸ ದಾರಿಯ ಸಾರ ಒಂದೇ: ಎಲ್ಲ ಪದರವೂ ಒಂದೇ ಕುಲದ ಪ್ಲಾಸ್ಟಿಕ್ ಆಗಲಿ.

ಕೇಳಲು ಸುಲಭ. ಬೆಸುಗೆಯ ದವಡೆಯ ಬಳಿ ನಿಂತು ನೋಡಿದರೆ ಕಷ್ಟ ತಿಳಿಯುತ್ತದೆ. ಹಬೆಯಲ್ಲಿ ಬೇಯಿಸದ ಸಾದಾ ಚೀಲಗಳ ಹಳೆಯ ಬಹುಪದರದ ಹಾಳೆಯಲ್ಲಿ ಹೊರಗಿನ ಪಾಲಿಯೆಸ್ಟರ್ ಕರಗುವುದು 250 ಡಿಗ್ರಿ ದಾಟಿದ ಮೇಲೆ, ಒಳಗಿನ ಪಾಲಿಥೀನ್ ಕರಗುವುದು 110 ಆಸುಪಾಸಿನಲ್ಲಿ. ನಡುವೆ ಧಾರಾಳ ಅಂತರವಿರುವುದರಿಂದ ಯಂತ್ರ ಎಷ್ಟು ಬಿಸಿಯಾದರೂ ಹೊರಮೈ ಕೆಡುವುದಿಲ್ಲ, ನಿಮಿಷಕ್ಕೆ ಬೇಕಾದಷ್ಟು ಚೀಲ ಬೆಸೆಯಬಹುದು. ಎರಡೂ ಪಾಲಿಥೀನೇ ಆದರೆ ಒಳಗು ಕರಗುವಷ್ಟರಲ್ಲಿ ಹೊರಗೂ ಅಂಟತೊಡಗುತ್ತದೆ. ಇದಕ್ಕೆ ಕಂಡುಕೊಂಡ ಉಪಾಯ, ಹೊರಗಿನ ಪಾಲಿಥೀನನ್ನು ತಯಾರಿಕೆಯ ವೇಳೆ ಒಂದೇ ದಿಕ್ಕಿಗೆ ಹಲವು ಪಟ್ಟು ಎಳೆದು ಅದರ ಅಣುಸರಪಳಿಗಳನ್ನು ಸಾಲುಗೂಡಿಸುವುದು. ಆಗ ಅದು ಬಿರುಸಾಗಿ, ಇನ್ನೊಂದಿಷ್ಟು ಬಿಸಿ ತಾಳುತ್ತದೆ. ಆದರೂ ಯಂತ್ರದ ವೇಗ ತುಸು ಇಳಿಸಬೇಕಾಗುತ್ತದೆ, ಶಾಖವನ್ನು ಅಳೆದು ತೂಗಿ ಕೊಡಬೇಕಾಗುತ್ತದೆ. ಕಾರ್ಖಾನೆಗಳು ಹಿಂಜರಿಯುವುದು ಇಲ್ಲಿ.

ಹೆಪ್ಪುಗಟ್ಟಿಸಿದ ತರಕಾರಿಗೆ ಪಾಲಿಥೀನ್ ಕುಲವೇ ಹೇಳಿ ಮಾಡಿಸಿದ್ದು. ಮೈನಸ್ 18ರಲ್ಲೂ ಅದು ಬಾಗುತ್ತದೆ. ಸಾದಾ ಪಾಲಿಪ್ರೊಪಿಲೀನ್ ಸೊನ್ನೆಯ ಕೆಳಗಿಳಿದರೆ ಪೆಡಸಾಗಿ, ಚೀಲ ಕೆಳಗೆ ಬಿದ್ದರೆ ಸೀಳುತ್ತದೆ. 121 ಡಿಗ್ರಿಯ ಪೌಚಿಗೆ ಲೆಕ್ಕ ತಿರುಗುಮುರುಗು: ಅಲ್ಲಿ ಸಾಮಾನ್ಯ ಪಾಲಿಥೀನ್ ಕರಗಿಹೋಗುತ್ತದೆ, 160 ಡಿಗ್ರಿವರೆಗೆ ತಾಳುವ ಪಾಲಿಪ್ರೊಪಿಲೀನೇ ಬೇಕು. ನೋಡಲು ಒಂದೇ ತರದ ಎರಡು ಹಾಳೆಗಳು. ಒಂದು ಚಳಿಗೆ, ಒಂದು ಬೆಂಕಿಗೆ; ಜಾಗ ಬದಲಿಸಿದರೆ ಎರಡೂ ಸೋಲುತ್ತವೆ.

ಅಲ್ಯೂಮಿನಿಯಂ ತೆಗೆದ ಮೇಲೆ ಆಮ್ಲಜನಕವನ್ನು ತಡೆಯುವವರು ಯಾರು? ಎರಡು ಉತ್ತರಗಳಿವೆ. ಒಂದು, ಸಿಲಿಕಾ ಅಥವಾ ಅಲ್ಯೂಮಿನಿಯಂ ಆಕ್ಸೈಡಿನ ಲೇಪ. ಮೈಕ್ರಾನಿನ ನೂರನೇ ಒಂದೆರಡು ಭಾಗದಷ್ಟು ತೆಳುವಾದ, ಪಾರದರ್ಶಕವಾದ, ಹೆಚ್ಚುಕಡಿಮೆ ಗಾಜೇ ಎನ್ನಬಹುದಾದ ಪದರ. ಮೈಕ್ರೊವೇವ್ ಇದರಲ್ಲಿ ಹಾಯುತ್ತದೆ, ಆದರೆ ಹಾಳೆ ಮಡಿಸಿದರೆ ಬಿರುಕು ಬಿಡುತ್ತದೆ. ಇನ್ನೊಂದು, ಎಥಿಲೀನ್ ವಿನೈಲ್ ಆಲ್ಕೊಹಾಲ್ ಎಂಬ ಪ್ಲಾಸ್ಟಿಕ್. ಒಣಗಿರುವಾಗ ಇದರಷ್ಟು ಚೆನ್ನಾಗಿ ಆಮ್ಲಜನಕವನ್ನು ತಡೆಯುವ ಪ್ಲಾಸ್ಟಿಕ್ ವಿರಳ, ಒದ್ದೆಯಾದರೆ ಕೈಬಿಡುತ್ತದೆ. ಹಬೆಯ ಪಾತ್ರೆಯಿಂದ ಹೊರಬಂದ ಮೇಲೆ ಹೀರಿದ ತೇವವನ್ನು ಬಿಟ್ಟು ಮೊದಲಿನಂತಾಗಲು ಅದಕ್ಕೆ ದಿನಗಳು, ಕೆಲವೊಮ್ಮೆ ವಾರಗಳು ಬೇಕು, ಅಷ್ಟರಲ್ಲಿ ಒಂದಿಷ್ಟು ಆಮ್ಲಜನಕ ನುಸುಳಿರುತ್ತದೆ. ಒಟ್ಟು ತೂಕದ ಶೇಕಡಾ 5ಕ್ಕಿಂತ ಹೆಚ್ಚು ಬಳಸಿದರೆ ಮರುಬಳಕೆಗೂ ತೊಡಕು. ಹಾಗಾಗಿ ಒಂದೇ ಕುಲದ ಪೌಚಿನ ತಡೆ ಅಲ್ಯೂಮಿನಿಯಂ ಪೌಚಿನಷ್ಟು ಪೂರ್ಣವಲ್ಲ. ತಿನಿಸು ಮೊದಲಿನಷ್ಟು ಕಾಲ ಬಣ್ಣ, ಪರಿಮಳ ಉಳಿಸಿಕೊಳ್ಳಲಾರದು.

ಉಳಿಸಿಕೊಳ್ಳಲೇಬೇಕೆ ಎಂಬುದು ನನ್ನ ಪ್ರಶ್ನೆ. ಹಿಮಾಲಯದ ಠಾಣೆಯಲ್ಲಿರುವ ಸೈನಿಕನಿಗೆ, ನೆರೆ ಬಂದ ಜಿಲ್ಲೆಯ ಪರಿಹಾರ ಕೇಂದ್ರಕ್ಕೆ ಒಂದೂವರೆ ವರ್ಷ ಬಾಳುವ ಪೌಚು ಬೇಕು. ಅಲ್ಲಿ ಅಲ್ಯೂಮಿನಿಯಂ ಹಾಳೆಗೆ ಪೂರ್ತಿ ಹಕ್ಕಿದೆ. ಮೈಸೂರಲ್ಲಿ ತಯಾರಾಗಿ ಹುಬ್ಬಳ್ಳಿಯಲ್ಲಿ ಮಾರಾಟವಾಗಿ ಮೂರು ತಿಂಗಳೊಳಗೆ ತಟ್ಟೆಗೆ ಬರುವ ಪಲ್ಯಕ್ಕೂ ಅದೇ ಯುದ್ಧಕವಚ ತೊಡಿಸುವುದು ಬರೀ ರೂಢಿ. ಬೆಂಕಿಯ ಲೆಕ್ಕದಲ್ಲಿ ರಾಜಿ ಸಲ್ಲದು; ಬೊಟುಲಿನಂ ವಿಷಯದಲ್ಲಿ ಸ್ವಲ್ಪ ಎಂಬುದಿಲ್ಲ. ಆದರೆ ಆಮ್ಲಜನಕದ ತಡೆ ಬಣ್ಣ, ರುಚಿ, ಜೀವಸತ್ವಗಳ ಮಾತು. ಅಲ್ಲಿ ಎಷ್ಟು ದಿನಕ್ಕೆ ಎಷ್ಟು ಎಂದು ಚೌಕಾಸಿ ಮಾಡಲು ಅವಕಾಶವಿದೆ, ಆ ಚೌಕಾಸಿಯನ್ನು ನಾವು ಮಾಡುತ್ತಿಲ್ಲ. ಕಾಗದದ ಚೀಲವೂ ಈ ಪದರಗಳ ಲೆಕ್ಕಕ್ಕೆ ಹೊರತಲ್ಲ. ಕಾಗದಕ್ಕೆ ಆವಿಯನ್ನು ತಡೆಯುವ ಶಕ್ತಿಯಿಲ್ಲ, ಹಾಗಾಗಿ ಒಳಗೆ ಪ್ಲಾಸ್ಟಿಕ್ ಸವರುತ್ತಾರೆ. ಹೊರಗೆ ಮಣ್ಣುಬಣ್ಣ, ಒಳಗೆ ಬೇರ್ಪಡಿಸಲಾಗದ ಪದರ. ಅದು ಬಹುಪದರದ ಪೌಚಿನ ದಾಯಾದಿಯೇ.

ಹುಳಿಯ ಕಡೆಗೆ ಬಂದರೆ ನಮ್ಮ ಊರಿನ ದೊಡ್ಡ ಕತೆ ತೋತಾಪುರಿ ಮಾವಿನದು. 1985ರಲ್ಲಿ ಫ್ರೂಟಿ ಕಾಗದದ ಪೊಟ್ಟಣದಲ್ಲಿ ಬಂದಾಗ ನಾವೆಲ್ಲ ಬೆರಗಾಗಿ ನೋಡಿದ್ದು ಆ ಪುಟ್ಟ ಚೌಕವನ್ನು. ಸುಮಾರು ಮುಕ್ಕಾಲು ಪಾಲು ಕಾಗದ, ಉಳಿದಂತೆ ಪಾಲಿಥೀನ್, ಕೂದಲಿಗಿಂತ ಬಹಳ ತೆಳುವಾದ ಅಲ್ಯೂಮಿನಿಯಂ: ಅದರ ರಚನೆ ಇಷ್ಟು. ಆದರೆ ಮೇ, ಜೂನಿನಲ್ಲಿ ಹಣ್ಣಾಗುವ ಮಾವು ಡಿಸೆಂಬರಿನಲ್ಲಿ ಆ ಚೌಕದೊಳಗೆ ಹೋಗುವುದಾದರೂ ಹೇಗೆ? ಇದನ್ನು ಸಾಧ್ಯವಾಗಿಸಿದ್ದು ಗ್ರಾಹಕ ಎಂದೂ ನೋಡದ ಇನ್ನೊಂದು ಪೊಟ್ಟಣ. 200 ಲೀಟರಿನ ಉಕ್ಕಿನ ಡ್ರಮ್ಮು, ಅದರೊಳಗೆ ಒಂದು ಚೀಲ. ಚೀಲವನ್ನು ಗಾಮಾ ಕಿರಣದಿಂದ ಮೊದಲೇ ಕ್ರಿಮಿಶುದ್ಧ ಮಾಡಿರುತ್ತಾರೆ. ತುಂಬುವ ಯಂತ್ರ ಹಬೆಯಿಂದ ಶುದ್ಧವಾದ ಪುಟ್ಟ ಕೋಣೆಯೊಳಗೆ ಅದರ ಮುಚ್ಚಳ ತೆಗೆದು, ಕಾಯಿಸಿ ತಣಿಸಿದ ತಿರುಳನ್ನು ಸುರಿದು, ಹೊರಗಿನ ಗಾಳಿ ಸೋಕುವ ಮೊದಲೇ ಮುಚ್ಚಿಬಿಡುತ್ತದೆ. ಒಂದು ಡ್ರಮ್ಮಿಗೆ ಸಾಮಾನ್ಯವಾಗಿ 215 ಕಿಲೋ. ಮಾವು ಪಿಎಚ್ 4.6ರ ಗೆರೆಯ ಈಚೆಯ ಹಣ್ಣಾದ್ದರಿಂದ 121 ಡಿಗ್ರಿಯ ಹೋರಾಟ ಬೇಡ. ಹಗುರ ಶಾಖ ಸಾಕು. ಹೀಗೆ ಫ್ರಿಜ್ಜಿಲ್ಲದೆ, ಸಂರಕ್ಷಕ ರಾಸಾಯನಿಕವಿಲ್ಲದೆ ಹಣ್ಣಿನ ತಿರುಳನ್ನು ದೊಡ್ಡ ಪ್ರಮಾಣದಲ್ಲಿ ಕೂಡಿಡುವ ಕ್ರಮವನ್ನು ರೂಪಿಸಿದವರಲ್ಲಿ ಪ್ರಮುಖರು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಫಿಲಿಪ್ ನೆಲ್ಸನ್. ಅವರ ಮನೆತನದ್ದು ಟೊಮೆಟೊ ಡಬ್ಬಿಯ ಕಾರ್ಖಾನೆ. 2007ರ ವಿಶ್ವ ಆಹಾರ ಪ್ರಶಸ್ತಿ ಅವರಿಗೆ ಸಂದಿತು.

ಈ ಡ್ರಮ್ಮು ತುಂಬುವ ಘಟಕಗಳು ಹೆಚ್ಚಾಗಿರುವುದು ಆಂಧ್ರದ ಚಿತ್ತೂರು, ತಮಿಳುನಾಡಿನ ಕೃಷ್ಣಗಿರಿಯ ಸುತ್ತ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಮಾವು ಬೆಳೆಗಾರ ತನ್ನ ತೋತಾಪುರಿಯನ್ನು ಲಾರಿಗೆ ಹೇರಿ ಗಡಿ ದಾಟಿಸಬೇಕು. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿಗೆ ತಡೆಯೊಡ್ಡಿದಾಗ ಕೋಲಾರದ ಹಣ್ಣು ನಿಂತಲ್ಲೇ ನಿಂತಿತು. ಕರ್ನಾಟಕದ ಮುಖ್ಯಮಂತ್ರಿಗಳು ಪತ್ರ ಬರೆಯಬೇಕಾಯಿತು. ಒಂದು ಡ್ರಮ್ಮು ಬೆಳೆಗಾರನಿಗೆ ಕೊಡುವುದು ಕಾಲಾವಕಾಶ. ಬೆಲೆ ಕುಸಿದ ವಾರದಲ್ಲಿ ಕೊಳೆತುಹೋಗುವ ಹಣ್ಣು ಡ್ರಮ್ಮಿಗಿಳಿದರೆ ಒಂದೂವರೆ ಎರಡು ವರ್ಷ ಕಾಯಬಲ್ಲದು. ಆ ಕಾಲಾವಕಾಶದ ಒಡೆತನ ಬೆಳೆಗಾರನ ಕೈಯಲ್ಲಿಲ್ಲ ಎಂಬುದೇ ಕಳವಳದ ಮಾತು. ಕೋಲಾರ, ಚಿಂತಾಮಣಿ, ರಾಮನಗರದ ಬೆಳೆಗಾರರ ಸಂಘಗಳು ಸೇರಿ ನಡೆಸುವ ತಿರುಳಿನ ಘಟಕಗಳಿಗೆ ಸರ್ಕಾರ ಹಣ ಹೂಡಿದರೆ, ಬೆಲೆ ಕುಸಿದಾಗ ಕೊಡುವ ಪರಿಹಾರಕ್ಕಿಂತ ಅದು ಹೆಚ್ಚು ಕಾಲ ಬಾಳುತ್ತದೆ. ಪರಿಸರದ ಲೆಕ್ಕದಲ್ಲೂ ಡ್ರಮ್ಮು ಮೇಲು: 215 ಕಿಲೋ ತಿರುಳಿಗೆ ಒಂದು ಚೀಲ, ಉಕ್ಕಿನ ಡ್ರಮ್ಮು ಮತ್ತೆ ಬಳಕೆಗೆ.

ಮತ್ತೆ ಫ್ರೀಜರಿನ ಚೀಲಕ್ಕೆ ಸಂಬಂಧಿಸಿದ ಒಂದು ಮಾತು ಉಳಿದಿದೆ, ಅದು ಪದರದ ಮೇಲಿನ ಅಕ್ಷರಗಳದ್ದು. ಚಳಿ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ, ಎಲ್ಲವನ್ನೂ ಕೊಲ್ಲುವುದಿಲ್ಲ. ಬಿಸಿನೀರಿನಲ್ಲಿ ಹಾಯಿಸಿದ ಮೇಲೆ ಕಾರ್ಖಾನೆಯ ಯಂತ್ರದಿಂದ ಮತ್ತೆ ಸೋಂಕು ತಗಲಬಹುದು. 2015ರಿಂದ 2018ರವರೆಗೆ ಯುರೋಪಿನ ಐದು ದೇಶಗಳಲ್ಲಿ 47 ಮಂದಿ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯದ ಸೋಂಕಿಗೆ ಒಳಗಾಗಿ 9 ಮಂದಿ ಸತ್ತರು. ಬೆನ್ನುಹತ್ತಿದಾಗ ಸಿಕ್ಕಿದ್ದು ಹಂಗರಿಯ ಕಾರ್ಖಾನೆಯೊಂದರ ಹೆಪ್ಪುಗಟ್ಟಿಸಿದ ಮೆಕ್ಕೆಜೋಳ. ಎಷ್ಟೋ ಜನ ಅದನ್ನು ಕರಗಿಸಿ, ಬೇಯಿಸದೆ, ನೇರ ಸಲಾಡಿಗೆ ಹಾಕುತ್ತಾರೆ. ನಮ್ಮಲ್ಲೂ ಈಗ ಸ್ವೀಟ್ ಕಾರ್ನ್ ಹಾಗೆಯೇ ಕೋಸಂಬರಿಗೆ ಬೀಳುತ್ತಿದೆ. ಪೊಟ್ಟಣದ ಮೇಲೆ ಚೆನ್ನಾಗಿ ಬೇಯಿಸಿ ತಿನ್ನಿ ಎಂದು ಬರೆದಿದ್ದರೂ ಅದು ಸಣ್ಣ ಅಕ್ಷರದ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರುತ್ತದೆ. ಕೇಂದ್ರದ ಆಹಾರ ನಿಯಮಕ್ಕೆ ಈ ಎರಡರಲ್ಲಿ ಒಂದಿದ್ದರೆ ಸಾಕು, ಉಳಿದ ಭಾಷೆ ಐಚ್ಛಿಕ. ಗರ್ಭಿಣಿಯರಿಗೂ ವಯಸ್ಸಾದವರಿಗೂ ಈ ಒಂದು ಸಾಲು ಜೀವದ ಪ್ರಶ್ನೆ, ಅವರ ಅಡುಗೆ ಮಾಡುವವರಿಗೆ ಅದು ಓದಲು ಬರಬೇಕು. ರಾಜ್ಯ ಸರ್ಕಾರ 2025ರ ಆರಂಭದಲ್ಲಿ, ಕರ್ನಾಟಕದಲ್ಲಿ ತಯಾರಾಗುವ ವಸ್ತುಗಳ ಮೇಲೆ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು ಆದೇಶಿಸಿದೆ. ನಮ್ಮ ಫ್ರೀಜರುಗಳಲ್ಲಿರುವ ಬಟಾಣಿಯ ಬಹುಪಾಲು ಬರುವುದು ಉತ್ತರ ಭಾರತದಿಂದ. ಆ ಚೀಲಗಳಿಗೆ ಈ ಆದೇಶ ಅನ್ವಯಿಸುವುದಿಲ್ಲ.